ಕಲಾವತಮ್ಮನ ಸ್ಟುಡಿಯೋ ಬಾಗಿಲು

ನಾಯಿ ಕಂಡರೆ ನನಗಾಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ವರ್ಷದವನಿದ್ದಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿ, ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವನು ನಾನು. ಅಂಥವನು ಎಂಟು ವರ್ಷ ದಿನಕ್ಕೆ ಮೂರು ನಾಲ್ಕು ನಾಯಿಗಳ ಫೋಟೋಗೆ ಗಾಜು ಕೂರಿಸಿ ಕೊಟ್ಟಿದ್ದೇನೆ. ಮಾರೇನಹಳ್ಳಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಮೂವತ್ತು ವರ್ಷ ದೇವರಿಗೂ ಸತ್ತವರಿಗೂ ಕಟ್ಟು ಹಾಕಿದ ಕೈಗೆ ಈ ವಯಸ್ಸಿನಲ್ಲಿ ಪಗ್ಗು, ಲ್ಯಾಬ್ರಡಾರುಗಳ ಸೇವೆ ಬಂದಿದ್ದು ಪಕ್ಕದ ಸ್ಟುಡಿಯೋದ ಕಲಾವತಮ್ಮನ ದೆಸೆಯಿಂದ.

ನನ್ನ ಹೆಸರು ಉಗ್ರಪ್ಪ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಈಗ ಹೇಳಹೊರಟ ವಿಷಯದಲ್ಲಿ ಆ ಕೋಪ ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೇ ಇದೆ. ಯಾಕೆ ಎಂದು ಹೇಳುತ್ತೇನೆ.

ಸ್ಟುಡಿಯೋ ಮೊದಲು ಕಲಾವತಮ್ಮನ ಗಂಡ ಮಹದೇವ್ ಅವರದು. ಪಾಸ್‌ಪೋರ್ಟ್ ಸೈಜು, ಶಾಲೆಯ ಐಡಿ ಕಾರ್ಡು, ವರ್ಷಕ್ಕೆ ಹತ್ತಿಪ್ಪತ್ತು ಮದುವೆ, ನಾಮಕರಣ. ಮಹದೇವ್ ಕ್ಯಾಮೆರಾ ಹಿಡಿದರೆ ಈಯಮ್ಮ ಒಳಗೆ ಕಂಪ್ಯೂಟರಿನ ಮುಂದೆ ಕೂತು ಜನರ ಮುಖದ ಮೇಲಿನ ಕಲೆ ಅಳಿಸುತ್ತಿದ್ದರು, ಪ್ರಿಂಟು ಕತ್ತರಿಸುತ್ತಿದ್ದರು. ಎಲ್ಲರ ಕೈಗೂ ಫೋನು ಬಂತು, ಸ್ಟುಡಿಯೋಗೆ ಜನ ಬರುವುದು ನಿಂತಿತು. ಅದೇ ವರ್ಷ ಮಹದೇವ್ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಬಂಧುಗಳೆಲ್ಲ ಅಂಗಡಿಯನ್ನು ಬೇಕರಿಗೆ ಕೊಟ್ಟುಬಿಡಿ ಅಂದರು. ನಾನೂ ಅಂದೆ. ಕಲಾವತಮ್ಮ ಹದಿನಾಲ್ಕನೇ ದಿನ ಬಂದು ಶಟರ್ ಎತ್ತಿ, ನೆಲ ಒರೆಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕೂತರು. ಎರಡು ತಿಂಗಳು ಸುಮ್ಮನೆ ಕೂತರು. ಯಾರೂ ಬರಲಿಲ್ಲ.

ಆಮೇಲೆ ರಮ್ಯಶ್ರೀ ಬಂದಳು. ಹೊಸಹಳ್ಳಿಯಲ್ಲಿ ಒಂದು ಬಾಡಿಗೆ ರೂಮು ಮಾಡಿಕೊಂಡು ಎಲ್ಲೋ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ. ತಾಯಿ ಇರಲಿಲ್ಲ. ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವಳ ಕೈಯಲ್ಲಿ ತರಕಾರಿ ಚೀಲ, ಚೀಲದಲ್ಲಿ ಒಂದು ಬೀದಿನಾಯಿಯ ಮರಿ. ಕಂದು ಬಣ್ಣ, ಗುಂಡಗೆ. ಹೆಸರು ಬೋಂಡ. ಫೋಟೋ ಆದಮೇಲೆ ಅವಳು ಮರಿಯನ್ನು ಸ್ಟುಡಿಯೋದಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಎದುರಿಗೆ ಜೆರಾಕ್ಸ್ ಮಾಡಿಸಲು ಹೋದಳು. ಮರಿ ಅಳಲಿಲ್ಲ, ಓಡಾಡಲಿಲ್ಲ. ನೆಟ್ಟಗೆ ಕೂತು ಬಾಗಿಲನ್ನೇ ನೋಡುತ್ತಿತ್ತು. ಕಲಾವತಮ್ಮ ಬಾಗಿಲ ಪಕ್ಕ ಕೆಳಗೆ ಕೂತು, ಸುಮ್ಮನೆ ಕ್ಯಾಮೆರಾ ಅದರ ಕಡೆ ಹಿಡಿದರು. "ಬರ್ತಾಳೆ ಕಣೋ, ಈಗ ಬರ್ತಾಳೆ" ಅಂದರು. ಬಾಗಿಲು ತೆರೆಯಿತು. ಆ ಗಳಿಗೆಯಲ್ಲಿ ಆ ಮರಿಯ ಮುಖ ಏನಾಯಿತೋ ಅದನ್ನು ಹಿಡಿದುಬಿಟ್ಟರು.

ಕಟ್ಟು ಹಾಕಲು ಅದು ನನ್ನ ಮೇಜಿಗೆ ಬಂದಾಗ ಮೊಳೆ ಹಿಡಿದ ಕೈ ಒಂದು ನಿಮಿಷ ನಿಂತಿತು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿಲ್ಲ. ಮದುವೆಯಾದ ಹೊಸತರಲ್ಲೂ ನೋಡಿಲ್ಲ.

ರಮ್ಯಶ್ರೀ ಅದನ್ನು ಫೋನಿನಲ್ಲಿ ಹಾಕಿದಳು. ತಿಂಗಳೊಳಗೆ ರಾಜಾಜಿನಗರ, ಬಸವೇಶ್ವರನಗರ, ಅತ್ತ ಕೆಂಗೇರಿಯಿಂದ ಜನ ಕಾರಿನಲ್ಲಿ ನಾಯಿ ಕೂರಿಸಿಕೊಂಡು ಬರತೊಡಗಿದರು. ಕಲಾವತಮ್ಮ ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಬರುವವರು ನಾಯಿ ಮಲಗುವ ಬೆಡ್‌ಶೀಟು, ಅದು ತಿನ್ನುವ ಬಟ್ಟಲು ಜೊತೆಯಲ್ಲಿ ತರಬೇಕು. ನೀಲಿ ಜಮಖಾನದ ಮೇಲೆ ಅದನ್ನು ಹಾಸಿದರೆ ನಾಯಿಗೆ ತನ್ನ ಮನೆಯ ವಾಸನೆ ಸಿಕ್ಕಿ ಹೆದರಿಕೆ ಇಳಿಯುತ್ತದೆ. ಫ್ಲಾಷ್ ಇಲ್ಲ, ಬಿಳಿ ಬಟ್ಟೆ ಕಟ್ಟಿದ ಎರಡು ದೊಡ್ಡ ದೀಪ ಮಾತ್ರ. ಕೀಚಲು ಸದ್ದಿನ ಗೊಂಬೆಗಳನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. "ಗೊಂಬೆ ನೋಡೋ ಮುಖ ಬೇರೆ, ಮನೆಯೋರನ್ನ ನೋಡೋ ಮುಖ ಬೇರೆ ಉಗ್ರಪ್ಪನೋರೇ" ಅನ್ನುತ್ತಿದ್ದರು. ಎಲ್ಲ ಸರಿಯಾದ ಮೇಲೆ ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕುವುದು. ಅವರು ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಎರಡು ನಿಮಿಷ ಕೂರುವುದು. ಒಳಗೆ ಕಲಾವತಮ್ಮ ಬಾಗಿಲ ಪಕ್ಕ ನೆಲದ ಮೇಲೆ ಬೋರಲು ಮಲಗಿ, ಐವತ್ತು ದಾಟಿದ ಹೆಂಗಸು, ಮೊಣಕೈ ಊರಿ, ನಾಯಿಗೆ ಹೇಳುವುದು: "ಬರ್ತಾರೆ, ಈಗ ಬರ್ತಾರೆ." ಆಮೇಲೆ ಮನೆಯವರು ಬಂದು ಬಾಗಿಲು ತೆಗೆಯುವುದು.

ಎಂಟು ವರ್ಷ ಆ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ.

ಅಷ್ಟೂ ವರ್ಷ ರಮ್ಯಶ್ರೀ ಆ ಮನೆಯ ಮಗಳಂತೆ ಇದ್ದಳು. ಭಾನುವಾರ ಬಂದರೆ ಮಹಡಿಯ ಮೇಲಿನ ಕಲಾವತಮ್ಮನ ಮನೆಯಲ್ಲಿ ಮುದ್ದೆ, ಉಪ್ಸಾರು ಉಂಡೇ ಹೋಗುವುದು. ಬೋಂಡನ ಹುಟ್ಟುಹಬ್ಬವೆಂದು ಒಂದು ದಿನ ಅವರೇ ಗೊತ್ತು ಮಾಡಿಕೊಂಡು ವರ್ಷಕ್ಕೊಂದು ಫೋಟೋ ತೆಗೆಯುತ್ತಿದ್ದರು. ಅವಳ ಮದುವೆಗೆ ಕ್ಯಾಮೆರಾ ಹಿಡಿದವರೂ ಕಲಾವತಮ್ಮನೇ, ಕ್ಯಾಮೆರಾ ನನ್ನ ಕೈಗೆ ಕೊಟ್ಟು ತಾಯಿಯ ಜಾಗದಲ್ಲಿ ನಿಂತು ಮಡಿಲಕ್ಕಿ ತುಂಬಿದವರೂ ಅವರೇ. ಅವತ್ತು ಆ ಹುಡುಗಿ ಇವರ ಕೊರಳು ತಬ್ಬಿ ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಗೊತ್ತಿಲ್ಲದವರು ಮೋಸ ಮಾಡಿದರೆ ಬೈದು ಮರೆಯಬಹುದು. ಉಂಡ ಮನೆಗೆ ಎರಡು ಬಗೆದವರನ್ನು ಏನು ಮಾಡುವುದು?

ಹೋದ ಆಷಾಢ ಮುಗಿಯುವ ಹೊತ್ತಿಗೆ ರಮ್ಯಶ್ರೀ ಫೋನು ಮಾಡಿದಳು. ಶ್ರೀಗಂಧದ ಕಾವಲಿನಲ್ಲಿ ಫ್ಲಾಟ್ ತಗೊಂಡಿದ್ದಾರೆ, ಶ್ರಾವಣದಲ್ಲಿ ಗೃಹಪ್ರವೇಶ. "ಹೊಸ ಮನೆ ಹಾಲ್‌ಗೆ ಬೋಂಡಂದು ದೊಡ್ಡ ಫೋಟೋ ಬೇಕು ಅಕ್ಕ. ಬುಧವಾರ ಬರ್ತೀನಿ." ಕಲಾವತಮ್ಮ ಆ ಸಂತೋಷಕ್ಕೆ ಬುಧವಾರ ಬೇರೆ ಯಾರನ್ನೂ ಬರಲು ಹೇಳಲಿಲ್ಲ. ಕೋಳಿ ಬೇಯಿಸಿ ಮೂಳೆ ಬಿಡಿಸಿ ಇಟ್ಟುಕೊಂಡಿದ್ದರು.

ಬುಧವಾರ ಹನ್ನೊಂದು ಗಂಟೆಗೆ ಬಂದಳು. ಬೋಂಡನಿಗೆ ಮೂತಿಯೆಲ್ಲ ನರೆತು ಬೂದಿ ಬಳಿದ ಹಾಗಾಗಿತ್ತು, ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ಅವಳ ಹೆಗಲಲ್ಲಿ ಒಂದು ದೊಡ್ಡ ಚೀಲ. ಅದರಲ್ಲಿ ನಾಯಿಯ ಬೆಡ್‌ಶೀಟು, ಬಟ್ಟಲು. ಅದನ್ನು ನೋಡಿ ಯಾರಿಗೆ ಅನುಮಾನ ಬರಬೇಕು? ಆ ಸ್ಟುಡಿಯೋಗೆ ಬರುವವರೆಲ್ಲ ಅವನ್ನು ತಂದೇ ತರುತ್ತಾರೆ, ತನ್ನಿ ಎಂದು ಹೇಳುವವರೇ ಕಲಾವತಮ್ಮ. ಚೀಲದ ತಳದಲ್ಲಿ ಲಸಿಕೆಯ ಪುಸ್ತಕ, ಕೀಲುನೋವಿನ ಮಾತ್ರೆ, ಎರಡು ಕತ್ತುಪಟ್ಟಿ ಇದ್ದದ್ದು ಆಮೇಲೆ ಗೊತ್ತಾಯಿತು.

ಹತ್ತು ನಿಮಿಷದ ಮೇಲೆ ಅವಳು ಹೊರಗೆ ಬಂದಳು. ಬಾಗಿಲು ಎಳೆದುಕೊಂಡಳು. ಎಲ್ಲರಂತೆ ನನ್ನ ಬೆಂಚಿನ ಮೇಲೆ ಕೂರುತ್ತಾಳೆ ಅಂದುಕೊಂಡು ನಾನು ಮೇಲಿನ ಧೂಳು ಹೊಡೆದೆ. ಅವಳು ಕೂರಲಿಲ್ಲ.

"ಅಂಕಲ್, ಒಂದು ಆಟೋ ನಿಲ್ಲಿಸ್ತೀರಾ? ಮೆಡಿಕಲ್ ಶಾಪ್‌ಗೆ ಹೋಗಿ ಬಂದ್ಬಿಡ್ತೀನಿ. ಅಕ್ಕಂಗೆ ಹೇಳಿದೀನಿ."

ಕಣ್ಣು ಒದ್ದೆಯಾಗಿತ್ತು. ಏನೋ ಹುಷಾರಿಲ್ಲ ಅಂದುಕೊಂಡೆ, ಯಾವ ಔಷಧಿ ಎಂದು ಕೇಳುವುದು ಮರ್ಯಾದೆಯಲ್ಲ ಎಂದೂ ಅಂದುಕೊಂಡೆ. ರಸ್ತೆಗಿಳಿದು, ಖಾಲಿ ಹೋಗುತ್ತಿದ್ದ ಆಟೋವನ್ನು ಕೂಗಿ ನಿಲ್ಲಿಸಿದ್ದು ನಾನೇ. "ಹುಷಾರಾಗ್ ಕರ್ಕೊಂಡ್ ಹೋಗಪ್ಪ" ಎಂದು ಡ್ರೈವರಿಗೆ ಹೇಳಿದವನೂ ನಾನೇ. ಅವಳು ತಿರುಗಿ ನೋಡಲಿಲ್ಲ.

ಎರಡು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು. ಒಳಗಿನಿಂದ ಕಲಾವತಮ್ಮನ ದನಿ ಕೇಳುತ್ತಿತ್ತು. "ಬರ್ತಾಳೆ ಕಣೋ, ಈಗ ಬರ್ತಾಳೆ." ನಾಯಿಯ ಗಮನ ಬೇರೆ ಕಡೆ ಹೋಗುತ್ತದೆಂದು ಅವರು ಬಾಗಿಲು ತೆಗೆಯುವಂತಿರಲಿಲ್ಲ, ಫೋನನ್ನೂ ಆ ಹೊತ್ತಿನಲ್ಲಿ ಆರಿಸಿ ಇಡುತ್ತಿದ್ದರು. ಅವಳು ನನ್ನ ಬೆಂಚಿನ ಮೇಲೆ ಯಾರ ಹತ್ತಿರವೋ ಮಾತಾಡುತ್ತಿದ್ದಾಳೆ ಅಂದುಕೊಂಡಿದ್ದರಂತೆ. ಅಕ್ಕನಿಗೆ ಹೇಳಿದ್ದಾಳೆ ಅಂದುಕೊಂಡು ನಾನು ಸುಮ್ಮನಿದ್ದೆ. ನಮ್ಮಿಬ್ಬರ ಮಧ್ಯೆ ಒಂದು ಬಾಗಿಲು, ಅಷ್ಟೇ.

ನಲವತ್ತು ನಿಮಿಷವಾದ ಮೇಲೆ ನನಗೆ ತಡೆಯಲಾಗಲಿಲ್ಲ. ಹೋಗಿ ಬಾಗಿಲು ತಳ್ಳಿದೆ.

ಬೋಂಡ ಎದ್ದು ನಿಂತಿತು. ಆ ಮುದಿ ನಾಯಿ, ಕಾಲು ಎಳೆಯುವ ನಾಯಿ, ಮರಿಯಂತೆ ಒಂದೇ ನೆಗೆತಕ್ಕೆ ಎದ್ದು ನಿಂತಿತು. ಕಣ್ಣಿನಲ್ಲಿ ಬೆಳಕು ಬಂತು. ಆಮೇಲೆ ನನ್ನನ್ನು ನೋಡಿತು. ಬಾಲ ಅಲ್ಲಾಡುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಕೆಳಗೆ ಮಲಗಿದ್ದ ಕಲಾವತಮ್ಮನ ಬೆರಳು, ಎಂಟು ವರ್ಷದ ಅಭ್ಯಾಸದಂತೆ, ಬಾಗಿಲು ತೆಗೆದ ಕೂಡಲೇ ಒತ್ತಿಬಿಟ್ಟಿತ್ತು.

"ರಮ್ಯ ಎಲ್ಲಿ?" ಅಂದರು.

"ಮೆಡಿಕಲ್ ಶಾಪ್‌ಗೆ ಹೋದ್ಲಲ್ಲಮ್ಮ. ನಿಮಗೆ ಹೇಳಿದೀನಿ ಅಂದ್ಲು."

ಅವರು ಆರಿಸಿಟ್ಟಿದ್ದ ಫೋನನ್ನು ಆನ್ ಮಾಡಿದರು. ಮೆಸೇಜು ಬಂದು ಆಗಲೇ ಅರ್ಧ ಗಂಟೆಯಾಗಿತ್ತು. ಕನ್ನಡಕ ಇಲ್ಲದ್ದರಿಂದ ನಾನೇ ಓದಿ ಹೇಳಬೇಕಾಯಿತು. ಅಕ್ಕ ಕ್ಷಮಿಸಿ. ನಮ್ಮ ಮನೆಯವರಿಗೆ ಅವನ ವಾಸನೆ ಆಗುತ್ತಿಲ್ಲ, ಹೊಸ ಮನೆಗೆ ಬೇಡ ಅಂತ ಹಟ ಹಿಡಿದಿದ್ದಾರೆ. ನಿಮ್ಮ ಹತ್ತಿರ ಇದ್ದರೆ ನನಗೆ ನೆಮ್ಮದಿ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಇಲ್ಲ. ಅಷ್ಟೇ. ಫೋನು ಮಾಡಿದರೆ ಹೋಗಲಿಲ್ಲ. ನನ್ನ ಫೋನಿನಿಂದ ಮಾಡಿದರೂ ಹೋಗಲಿಲ್ಲ. ಹೊಸಹಳ್ಳಿಯ ಹಳೇ ಮನೆಗೆ ಅವತ್ತೇ ಹೋಗಿ ನೋಡಿದೆ, ಬೀಗ. ಸಾಮಾನು ಹಿಂದಿನ ದಿನವೇ ಸಾಗಿಸಿದ್ದರಂತೆ. ಹೊಸ ಫ್ಲಾಟ್ ಎಲ್ಲಿ ಎಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ.

ನಾನು ಬಾಯಿಗೆ ಬಂದಂತೆ ಬೈದೆ. ಕಲಾವತಮ್ಮ ಬಯ್ಯಲಿಲ್ಲ. ಜಮಖಾನದ ಅಂಚಿನಲ್ಲಿ ಕೂತು ಹೇಳಿದರು.

"ನಾಯಿ ಇಟ್ಕೊಳಿ ಅಕ್ಕ ಅಂತ ಕೇಳಿದ್ರೆ ನಾನು ಬೇಡ ಅಂತಿದ್ನಾ? ಕೇಳ್ಬೋದಿತ್ತು. ಕೇಳ್ಲಿಲ್ಲ. ನನ್ ಬಾಯಲ್ಲೇ ಅವನಿಗೆ ಸುಳ್ಳು ಹೇಳಿಸಿದ್ಲು. ನಲವತ್ತು ನಿಮಿಷ ನಾನು ಅವನಿಗೆ ಸುಳ್ಳು ಹೇಳ್ತಾ ಇದ್ದೆ ಉಗ್ರಪ್ಪನೋರೇ."

ಆ ಮಾತು ಕೇಳಿದ ಮೇಲೆ ಅವಳನ್ನು ಬಿಟ್ಟು ನನ್ನನ್ನೇ ಬೈದುಕೊಂಡೆ. ಯಾಕೆಂದರೆ ಆಟೋ ನಿಲ್ಲಿಸಿದ ಕೈ ನನ್ನದು.

ಬೋಂಡ ಮಹಡಿಯ ಮೇಲಿನ ಮನೆಗೆ ಹತ್ತಲಿಲ್ಲ. ಎತ್ತಿಕೊಂಡು ಹೋದರೂ ಇಳಿದು ಬಂದು ಅದೇ ಜಮಖಾನದ ಮೇಲೆ, ಬಾಗಿಲಿಗೆ ಮುಖ ಮಾಡಿ ಮಲಗಿತು. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಲ್ಲುವುದು, ನೋಡುವುದು, ಮತ್ತೆ ಮಲಗುವುದು. ಹಾಲಿನವನು ಬಂದರೂ ಎದ್ದು ನಿಲ್ಲುತ್ತಿತ್ತು. ಕೊರಿಯರ್ ಹುಡುಗ ಬಂದರೂ ನಿಲ್ಲುತ್ತಿತ್ತು. ಕೊನೆಗೆ ಕಲಾವತಮ್ಮ ಅದರ ಕಾಲುನೋವು ನೋಡಲಾರದೆ ಬಾಗಿಲನ್ನು ಬೆಳಗಿನಿಂದ ಸಂಜೆಯವರೆಗೆ ತೆಗೆದೇ ಇಡತೊಡಗಿದರು.

ಬಾಗಿಲು ತೆಗೆದಿಟ್ಟ ಮೇಲೆ ಕಸುಬು ನಡೆಯುವುದು ಹೇಗೆ? ಬಸವೇಶ್ವರನಗರದಿಂದ ಚನ್ನವೀರೇಶ್ ಎಂಬುವರು ತಮ್ಮ ಬಿಳಿ ಲ್ಯಾಬ್ರಡಾರ್ ಕರೆದುಕೊಂಡು ಬಂದಿದ್ದರು. ದಾವಣಗೆರೆ ಕಡೆಯ ದೊಡ್ಡ ಮನುಷ್ಯ, ಪದ್ಧತಿ ಗೊತ್ತಿದ್ದದ್ದರಿಂದ ತಾವಾಗಿಯೇ ಹೊರಗೆ ಹೊರಟರು. ಕಲಾವತಮ್ಮ ಅವರ ತೋಳು ಹಿಡಿದುಬಿಟ್ಟರು. "ಬೇಡಿ ಸಾರ್, ಇಲ್ಲೇ ಇರಿ. ಅದರ ಪಕ್ಕಾನೇ ಕೂತ್ಕೊಳಿ." ಫೋಟೋ ಕೆಟ್ಟದಾಗೇನೂ ಬರಲಿಲ್ಲ. ಆದರೆ ಅವರು ಹೋಗುವಾಗ, "ಯಾಕೋ ನಿಮ್ಮ ಕೈಯಾಗಿನ ಫೋಟೋ ಅನ್ಸವಲ್ದು ನೋಡ್ರಿ ತಂಗಿ" ಅಂದುಬಿಟ್ಟರು. ಕಲಾವತಮ್ಮ ಹೂಂ ಅಂದರು. ಮತ್ತೆ ಯಾರನ್ನೂ ಅವರು ಬಾಗಿಲಿನಿಂದ ಹೊರಗೆ ಕಳಿಸಲಿಲ್ಲ. ಬರುವವರು ಕಡಿಮೆಯಾದರು.

ಶ್ರಾವಣ ಕಳೆಯಿತು, ಗಣೇಶನನ್ನೂ ನೀರಿಗೆ ಬಿಟ್ಟಾಯಿತು. ಒಂದು ದಿನ ಬೆಳಗ್ಗೆ ಕಲಾವತಮ್ಮ ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಓಡಿ ಬಂದರು. ಕಾಲಿಗೆ ಚಪ್ಪಲಿ ಇರಲಿಲ್ಲ. ರಮ್ಯಶ್ರೀಯ ಮೆಸೇಜು ಬಂದಿತ್ತು, ಬೇರೆ ನಂಬರಿನಿಂದ. ಅಕ್ಕ ಚೆನ್ನಾಗಿದ್ದೀರಾ, ಬೋಂಡ ಹೇಗಿದ್ದಾನೆ, ಆವತ್ತು ತೆಗೆದ ಫೋಟೋ ಕಟ್ಟು ಹಾಕಿಸಿ ಕಳಿಸುತ್ತೀರಾ, ಬಂದವರೆಲ್ಲ ಹಾಲ್ ಗೋಡೆ ಖಾಲಿ ಕಾಣುತ್ತದೆ ಅನ್ನುತ್ತಿದ್ದಾರೆ. ಕೆಳಗೆ ವಿಳಾಸ.

"ನೋಡಿದ್ರಾ, ನೆನಪಾಗಿದೆ ಅವಳಿಗೆ" ಅಂದರು.

"ನೆನಪಾಗಿಲ್ಲಮ್ಮ. ಗೋಡೆ ಖಾಲಿ ಇದೆಯಂತೆ" ಅಂದೆ. "ನಡೀರಿ, ನಾಯೀನೇ ಕರ್ಕೊಂಡ್ ಹೋಗಿ ಅವಳ ಹಾಲ್‌ನಲ್ಲಿ ಬಿಟ್ಟು ಬರೋಣ."

ಅವರು ಒಪ್ಪಲಿಲ್ಲ. ಅವಳು ಬಾಗಿಲಲ್ಲಿ ನಿಂತು ಬೇಡ ಅಂದುಬಿಟ್ಟರೆ ಬೋಂಡನಿಗೆ ಅದು ಎರಡನೇ ಸಲ ಆಗುತ್ತದೆ, ಅದನ್ನು ನೋಡಲಾರೆ ಅಂದರು. ಒಳಗೆ ಹೋಗಿ ಕಂಪ್ಯೂಟರ್ ಹಾಕಿ ಒಂದು ಫೋಟೋ ತೋರಿಸಿದರು. ನಾನು ಬಾಗಿಲು ತಳ್ಳಿದಾಗ ತೆಗೆದದ್ದು.

ದೊಡ್ಡದಾಗಿ ನೋಡಿದೆ. ಕಣ್ಣಿನಲ್ಲಿ ಬಂದ ಬೆಳಕು ಇನ್ನೂ ಪೂರ್ತಿ ಆರಿಲ್ಲ. ಒಂದು ಕಿವಿ ನಿಂತಿದೆ, ಇನ್ನೊಂದು ಆಗಲೇ ಬಿದ್ದಿದೆ. ಬಾಯಿ ತೆರೆಯಲು ಹೋಗಿ ಮುಚ್ಚಿಕೊಳ್ಳುತ್ತಿದೆ. ಬಂದವಳು ಅವಳಲ್ಲ ಎಂದು ಆ ನಾಯಿಗೆ ಗೊತ್ತಾದ ಗಳಿಗೆ ಅದು. ಅದು ನೋಡುತ್ತಿರುವುದು ನನ್ನನ್ನು. ನನಗೆ ಕೂರಲಾಗಲಿಲ್ಲ.

"ಇದನ್ನೇ ಕಳಿಸ್ತೀನಿ. ಇದನ್ನ ನೋಡಿದ್ರೆ ಸಾಕು, ಓಡಿ ಬರ್ತಾಳೆ" ಅಂದರು ಕಲಾವತಮ್ಮ. ಸೇಡಿಗೆ ಹೇಳಿದ ಮಾತಲ್ಲ. ತಮ್ಮ ಕೈ ತೆಗೆದ ಮುಖವನ್ನು ನೋಡಿ ಯಾರೂ ಸುಮ್ಮನೆ ಕೂರಲಾರರು ಎಂಬ ನಂಬಿಕೆ ಅವರದು. ನಾನೂ ನಂಬಿದೆ. ತೇಗದ ಮರದ ಅಂಚು, ಒಳಗೆ ಕೆನೆಬಣ್ಣದ ರಟ್ಟು, ಹೊಳಪು ಹೊಡೆಯದ ಗಾಜು. ದೇವರ ಪಟಕ್ಕೂ ನಾನು ಅಷ್ಟು ಮುತುವರ್ಜಿಯಿಂದ ಕಟ್ಟು ಹಾಕಿಲ್ಲ. ಗುರುವಾರ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಮಾಗಡಿ ರಸ್ತೆ ಹಿಡಿದು ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ.

ನಾಲ್ಕನೇ ಮಹಡಿ. ರಮ್ಯಶ್ರೀಯೇ ಬಾಗಿಲು ತೆಗೆದಳು. ನನ್ನನ್ನು ನೋಡಿ ಮುಖ ಸಣ್ಣದಾಯಿತು. "ಬನ್ನಿ ಅಂಕಲ್" ಅಂದಳು. ಗಂಡ ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ನಾನು ಬೆಡ್‌ಶೀಟು ಬಿಚ್ಚಿ, ಫೋಟೋವನ್ನು ಸೋಫಾಕ್ಕೆ ಒರಗಿಸಿ, ಪಕ್ಕಕ್ಕೆ ಸರಿದು ನಿಂತೆ. ನೋಡಲಿ ಎಂದು.

ಅವಳು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಕೈ ಬಾಯಿಗೆ ಹೋಯಿತು. ಈಗ, ಅಂದುಕೊಂಡೆ.

"ಅಯ್ಯೋ, ಎಷ್ಟ್ ಮುದ್ದಾಗಿ ಬಂದಿದೆ!" ಅಂದಳು. "ಇಲ್ನೋಡ್ರೀ, ಒಂದ್ ಕಿವಿ ಹಿಂಗೆ, ಒಂದ್ ಕಿವಿ ಹಂಗೆ."

ಗಂಡ ಬಂದು ನೋಡಿ, ಸೋಫಾ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತೆ ಅಂದ.

"ಊಟ ಮಾಡ್ತಾನಾ ಅಂಕಲ್?" ಅಂತ ಕೇಳಿದಳು. ಮಾಡ್ತಾನೆ ಅಂದೆ. ಅವಳು ದೊಡ್ಡದೊಂದು ಉಸಿರು ಬಿಟ್ಟಳು. "ನಂಗೊತ್ತಿತ್ತು. ಮುಖ ನೋಡಿದ್ರೇ ಗೊತ್ತಾಗುತ್ತೆ, ಎಷ್ಟ್ ಆರಾಮಾಗಿದಾನೆ. ನಾನು ಸುಮ್ನೆ ಒದ್ದಾಡ್ತಾ ಇದ್ದೆ. ಅಕ್ಕನ ಕೈಗೆ ಕೊಟ್ಟಿದ್ದೇ ಸರಿಯಾಯ್ತು."

ನಲವತ್ತು ನಿಮಿಷ ಇವಳಿಗಾಗಿ ಕಾದು ಕೂತ ಮುಖ ಅದು. ಎಂಟು ವರ್ಷ ಪಕ್ಕದಲ್ಲಿ ಮಲಗಿಸಿಕೊಂಡವಳಿಗೆ ಆ ಮುಖ ಓದಲು ಬರಲಿಲ್ಲವೋ, ಓದಲು ಮನಸ್ಸಿರಲಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ಬೀದಿಯಲ್ಲಿ ಸಣ್ಣದಕ್ಕೂ ಜಗಳಕ್ಕೆ ನಿಲ್ಲುವ ನಾನು, ಅಲ್ಲಿ ಸುತ್ತಿಗೆ ತೆಗೆದು, ಅವರು ತೋರಿಸಿದ ಜಾಗದಲ್ಲಿ ಮೊಳೆ ಹೊಡೆದು, ಫೋಟೋ ನೆಟ್ಟಗಿದೆಯೇ ಎಂದು ಎರಡು ಸಲ ನೋಡಿ, ಕಾಫಿ ಬೇಡ ಎಂದು ಹೊರಟುಬಂದೆ.

ಮಾರೇನಹಳ್ಳಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕಲಾವತಮ್ಮ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದರು. ಊಟ ಮಾಡಿದಂತಿರಲಿಲ್ಲ. ನಾನು ಆಟೋದಿಂದ ಇಳಿಯುವುದಕ್ಕೂ ಬಿಡಲಿಲ್ಲ.

"ಏನಂದ್ಲು?"

ಆ ಹೆಂಗಸಿಗೆ ಉಳಿದಿದ್ದದ್ದು ಅದೊಂದೇ ನಂಬಿಕೆ. ಅದನ್ನೂ ನಾನೇ ಹೇಗೆ ಒಡೆಯಲಿ?

"ಅತ್ಲು ಕಣಮ್ಮ" ಅಂದೆ. "ಫೋಟೋ ನೋಡ್ತಿದ್ದ ಹಾಗೇ ಅತ್ಬಿಟ್ಲು."

ಮಹದೇವ್ ಹೋದಾಗಲೂ ಅಳದ ಕಲಾವತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ದಡಬಡ ಎದ್ದರು. "ಅವಳು ಕೆಟ್ಟೋಳಲ್ಲ, ನಂಗೊತ್ತಿತ್ತು. ಭಾನುವಾರ ರಜಾ ಅಲ್ವಾ ಅವಳಿಗೆ, ಬಂದೇ ಬರ್ತಾಳೆ. ಅವರ ಮನೆಯೋರಿಗೆ ವಾಸನೆ ಅಂತ ತಾನೇ ತಕರಾರು? ಇವತ್ತೊಂದ್ಸಲ, ಶನಿವಾರ ಒಂದ್ಸಲ ತಿಕ್ಕಿ ತೊಳೆದ್ರೆ ಹೋಗುತ್ತೆ." ಹಿಂದಿನ ಕೊಳಾಯಿಯ ಹತ್ತಿರ ಬಿಸಿನೀರು ತಂದಿಟ್ಟರು, ನಾಯಿ ಸೋಪು ತಂದರು, ಬೋಂಡನನ್ನು ಎತ್ತಿಕೊಂಡು ಬಂದು ನಿಲ್ಲಿಸಿದರು. "ಸ್ವಲ್ಪ ಹಿಡ್ಕೊಳಿ ಉಗ್ರಪ್ಪನೋರೇ, ಕಾಲು ಜಾರುತ್ತೆ ಇವನಿಗೆ."

ನಾನು ಕೂತು ಹಿಡಿದುಕೊಂಡೆ. ಅವರು ಒಂದೊಂದೇ ಚೊಂಬು ನೀರು ಹೊಯ್ದು, ಅದರ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಬೆರಳ ಸಂದಿನಲ್ಲಿ ತಿಕ್ಕುತ್ತಾ, ಭಾನುವಾರ ಯಾರು ಬರುತ್ತಾರೆಂದು ಅದಕ್ಕೆ ಹೇಳುತ್ತಿದ್ದರು. ಈಗಲಾದರೂ ನಿಜ ಹೇಳು ಅನ್ನುತ್ತಿತ್ತು ನನ್ನ ಮನಸ್ಸು. ಹೇಳಲಿಲ್ಲ. ಭಾನುವಾರಕ್ಕೆ ಇನ್ನು ಮೂರು ದಿನವಿತ್ತು.